8 ಮಿ.ಮೀ. ಗೋಡೆ, 45 ಮಿ.ಮೀ. ಬುಡ: ಒಂದೇ ಎರಕಕ್ಕೆ ಪರೀಕ್ಷಾ ಮಾದರಿ ಎಲ್ಲಿಂದ ತೆಗೆಯಬೇಕು?

ನಿಮ್ಮ ಬೇರಿಂಗ್ ಹೌಸಿಂಗ್‌ನ ಪಕ್ಕದ ಗೋಡೆ 8 ಮಿ.ಮೀ., ಚಪ್ಪಟೆ ಬುಡ 45 ಮಿ.ಮೀ., ಲೋಹ ಎಫ್‌ಜಿ 260 ದರ್ಜೆಯ ಬೂದು ಬೀಡುಕಬ್ಬಿಣ. ಎರಡರ ಸರಾಸರಿ ದಪ್ಪಕ್ಕೆ ಹೊಂದುವ ಒಂದು ಟೆಸ್ಟ್ ಬಾರ್ (ಪರೀಕ್ಷೆಗೆಂದೇ ಎರೆಯುವ ದುಂಡು ಸರಳು) ಎರೆದು ಪರೀಕ್ಷಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಸರಾಸರಿ ತೆಗೆದರೆ 26.5 ಮಿ.ಮೀ. ಬರುತ್ತದೆ, ಅಷ್ಟು ದಪ್ಪದ ಗೋಡೆಯೇ ನಿಮ್ಮ ಎರಕದಲ್ಲಿ ಇಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸ ಕಲಿತು, ಈಗ ಪುಣೆಯ ಭೋಸರಿಯಲ್ಲಿ ಎರಕಗಳ ಗುಣಮಟ್ಟ ನೋಡಿಕೊಳ್ಳುತ್ತಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ನಾನೂ ಇದೇ ಜಾಗದಲ್ಲಿ ತಪ್ಪಿದ್ದೇನೆ.

ಒಂದೇ ಲೇಡಲ್‌ನಿಂದ (ಕರಗಿದ ಲೋಹ ಸುರಿಯುವ ಪಾತ್ರೆ) ಸುರಿದ ಕಬ್ಬಿಣ ತೆಳುವಾದ ಕಡೆ ಬೇಗ ಆರುತ್ತದೆ. ಆರುವುದು ಅತಿ ಬೇಗವಾದರೆ ಇಂಗಾಲಕ್ಕೆ ಗ್ರಾಫೈಟ್ ಆಗಲು ಅವಕಾಶ ಸಿಗದೆ ಕಬ್ಬಿಣದೊಂದಿಗೇ ಸೇರಿ ಗಟ್ಟಿಯಾದ ಕಾರ್ಬೈಡ್ ಆಗುತ್ತದೆ. ಇದನ್ನೇ ಫೌಂಡ್ರಿಯಲ್ಲಿ ಚಿಲ್ ಎನ್ನುತ್ತೇವೆ. ದಪ್ಪ ಭಾಗ ನಿಧಾನವಾಗಿ ಆರುವುದರಿಂದ ಗ್ರಾಫೈಟ್ ಪದರಗಳು ಉದ್ದವಾಗಿ, ಒರಟಾಗಿ ಬೆಳೆಯುತ್ತವೆ, ಫೆರೈಟ್ ಎಂಬ ಮೆದು ಕಬ್ಬಿಣದ ಪಾಲು ಹೆಚ್ಚುತ್ತದೆ, ಬಲ ಇಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ನಾವು ಒಂದು ಪಂಪ್ ಕೇಸಿಂಗ್ ಎರೆದಿದ್ದೆವು. ಎಳೆದು ನೋಡಿದಾಗ ಬಾರ್‌ನ ಬಲ 270 ಮೆಗಾಪಾಸ್ಕಲ್ ದಾಟಿತ್ತು, ನಾನೇ ಸರ್ಟಿಫಿಕೇಟ್‌ಗೆ ಸಹಿ ಹಾಕಿದ್ದೆ. ಚಾಕಣ್‌ನ ಮಷಿನ್ ಶಾಪ್‌ನಲ್ಲಿ ರಿಬ್‌ನ (ಗೋಡೆಗೆ ಆಸರೆಯಾಗಿರುವ ತೆಳು ಪಟ್ಟಿ) ಅಂಚಿಗೆ ಡ್ರಿಲ್ ಇಟ್ಟೊಡನೆ ಅದರ ತುದಿ ಸುಟ್ಟುಹೋಗತೊಡಗಿತು. ರಿಬ್ ಮುರಿದು ನೋಡಿದರೆ ಅಂಚಿನಿಂದ ಸುಮಾರು ಮೂರು ಮಿ.ಮೀ. ಒಳಗಿನವರೆಗೆ ಸಕ್ಕರೆಯಂತೆ ಬೆಳ್ಳಗೆ ಮಿನುಗುತ್ತಿತ್ತು, ಅಲ್ಲಿಂದಾಚೆ ಎಂದಿನ ಬೂದು ಬಣ್ಣ. ಅದೇ ತುಂಡಿನ ದಪ್ಪ ಫ್ಲೇಂಜ್‌ನಲ್ಲಿ ಬ್ರಿನೆಲ್ ಗಡಸುತನ 170ರ ಆಸುಪಾಸಿನಲ್ಲಿತ್ತು, ಬಾರ್‌ನಲ್ಲಿ 210 ಇತ್ತು. ವಿಜಯಪುರದ ಕಡೆಯಿಂದ ಬಂದಿದ್ದ ನಮ್ಮ ಎರಕದ ಮೇಸ್ತ್ರಿ ಎರಡೂ ತುಂಡುಗಳನ್ನು ಕೈಯಲ್ಲಿ ಹಿಡಿದು, "ಸರ, ಬಾರ್ ಪಾಸ್ ಆಗೇತ್ರಿ. ಆದ್ರ ಬಾರಿಗೆ ರಿಬ್ ಎಲ್ಲೈತ್ರಿ?" ಎಂದು ಕೇಳಿದರು. ಅಂದಿನಿಂದ ಡ್ರಾಯಿಂಗ್ ಕೈಗೆ ಬಂದಾಗಲೆಲ್ಲ ಆ ಮಾತು ನೆನಪಾಗುತ್ತದೆ.

ಬೂದು ಬೀಡುಕಬ್ಬಿಣದ ಭಾರತೀಯ ಮಾನಕವಾದ ಐಎಸ್ 210ರಲ್ಲಿ ಎಫ್‌ಜಿ 260 ಎಂದರೆ ಪ್ರತ್ಯೇಕವಾಗಿ ಎರೆದ 30 ಮಿ.ಮೀ. ವ್ಯಾಸದ ಬಾರ್‌ನಲ್ಲಿ 260 ಮೆಗಾಪಾಸ್ಕಲ್ ಬರಬೇಕು ಎಂದಷ್ಟೇ ಅರ್ಥ. ಅದು ಲೇಡಲ್‌ನಲ್ಲಿದ್ದ ಲೋಹದ ಪರೀಕ್ಷೆ. ನಿಮ್ಮ ಬುಡದಲ್ಲಿಯೂ ಅಷ್ಟೇ ಬಲ ಇದೆಯೆಂದು ಆ ಬಾರ್ ಹೇಳುವುದಿಲ್ಲ.

ಯಾವ ಬಾರ್ ಯಾವ ಗೋಡೆಗೆ ಸಮ ಎಂಬುದನ್ನು ತಿಳಿಯಲು ಘನಗಾತ್ರವನ್ನು ಮೇಲ್ಮೈ ವಿಸ್ತೀರ್ಣದಿಂದ ಭಾಗಿಸಿ ನೋಡಿ. ಇದಕ್ಕೆ ಮಾಡ್ಯುಲಸ್ ಎನ್ನುತ್ತಾರೆ. ಉದ್ದನೆಯ ಬಾರ್‌ಗೆ ಅದು ವ್ಯಾಸದ ಕಾಲು ಭಾಗ, ಚಪ್ಪಟೆ ಗೋಡೆಗೆ ದಪ್ಪದ ಅರ್ಧ. ಹಾಗಾಗಿ 30 ಮಿ.ಮೀ. ಬಾರ್ ಹೆಚ್ಚುಕಡಿಮೆ 15 ಮಿ.ಮೀ. ಗೋಡೆಯಂತೆ ಆರುತ್ತದೆ. ನಿಮ್ಮ 8 ಮಿ.ಮೀ. ಗೋಡೆಗೆ ಸುಮಾರು 16 ಮಿ.ಮೀ. ಬಾರ್ ಬೇಕು, 45 ಮಿ.ಮೀ. ಬುಡಕ್ಕೆ 90 ಮಿ.ಮೀ. ಬಾರ್ ಬೇಕು. ಅಮೆರಿಕದ ಎಎಸ್‌ಟಿಎಂ ಎ48 ಮಾನಕ ಇದೇ ಕಾರಣಕ್ಕೆ ಸುಮಾರು 22, 30 ಮತ್ತು 51 ಮಿ.ಮೀ. ವ್ಯಾಸದ ಎ, ಬಿ, ಸಿ ಎಂಬ ಮೂರು ಬಾರ್‌ಗಳನ್ನು ಇಟ್ಟುಕೊಂಡು, ಎರಕದ ಮುಖ್ಯ ಗೋಡೆಯ ದಪ್ಪ ನೋಡಿ ಅವುಗಳಲ್ಲಿ ಒಂದನ್ನು ಆರಿಸಲು ಹೇಳುತ್ತದೆ.

90 ಮಿ.ಮೀ. ಬಾರ್ ಎರೆಯುವುದಕ್ಕಿಂತ, ಹೊಸ ಪ್ಯಾಟರ್ನ್‌ನಿಂದ (ಮರಳಿನಲ್ಲಿ ಅಚ್ಚು ಮೂಡಿಸುವ ಪಡಿಯಚ್ಚು) ಬಂದ ಮೊದಲ ತುಂಡುಗಳಲ್ಲಿ ಒಂದನ್ನು ಬಲಿ ಕೊಟ್ಟು ಕೊಯ್ಯುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಬುಡದಲ್ಲಿ ನಿಜವಾಗಿ ಭಾರ ಬೀಳುವ ಜಾಗದಿಂದ ಟೆನ್ಸೈಲ್ ಮಾದರಿ (ಎಳೆದು ಬಲ ಅಳೆಯುವ ತುಂಡು) ತೆಗೆಯಿರಿ. ತೆಳು ಗೋಡೆಯಿಂದ ದುಂಡನೆಯ ಟೆನ್ಸೈಲ್ ಮಾದರಿ ತೆಗೆಯುವುದು ಕಷ್ಟ, ಅಲ್ಲಿ ಸೂಕ್ಷ್ಮದರ್ಶಕದಲ್ಲಿ ಕಾರ್ಬೈಡ್ ಇದೆಯೇ ಎಂದು ನೋಡುವುದೇ ಹೆಚ್ಚು ಉಪಯುಕ್ತ. ಗೋಡೆಯ ನಡುಭಾಗವನ್ನಷ್ಟೇ ನೋಡಿ ಬಿಡಬೇಡಿ. ಅಂಚು ಮೂರು ಕಡೆಯಿಂದ ಆರುವುದರಿಂದ ಚಿಲ್ ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ. ರೈಸರ್ (ಆರುವಾಗ ಕುಗ್ಗುವ ಎರಕಕ್ಕೆ ಲೋಹ ಒದಗಿಸುವ ಭಾಗ) ಕೂಡಿಕೊಂಡಿದ್ದ ಜಾಗದ ಮಾದರಿ ಕಡಿಮೆ ಬಲ ತೋರಿಸಿದರೆ ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡದೆ ಲೋಹವನ್ನು ದೂರಬೇಡಿ, ಅಲ್ಲಿ ಕುಗ್ಗುವಿಕೆಯ ಸಣ್ಣ ರಂಧ್ರಗಳಿರಬಹುದು. ಕೊಯ್ದ ಮುಖದ ಉದ್ದಕ್ಕೂ ಗಡಸುತನ ಅಳೆದು ಬರೆದಿಟ್ಟುಕೊಂಡರೆ, ಮುಂದಿನ ಬ್ಯಾಚ್‌ಗಳಲ್ಲಿ 30 ಮಿ.ಮೀ. ಬಾರ್ ಜೊತೆಗೆ ಎರಕದ ಮೇಲೆ ಗುರುತಿಸಿದ ಎರಡು ಕಡೆ ಬ್ರಿನೆಲ್ ನೋಡಿದರೆ ಸಾಕಾಗುತ್ತದೆ. ಅಳೆಯುವ ಮುನ್ನ ಎರಕದ ಹೊರಸಿಪ್ಪೆಯನ್ನು ಉಜ್ಜಿ ತೆಗೆಯಬೇಕು.

ಬಾರ್ ಅನ್ನು ಲೇಡಲ್‌ನ ಕೊನೆಯ ಲೋಹದಿಂದ ಸುರಿಯಿಸಿ, ಏಕೆಂದರೆ ಹೊತ್ತು ಕಳೆದಂತೆ ಇನಾಕ್ಯುಲೇಷನ್‌ನ (ಗ್ರಾಫೈಟ್ ಮೂಡಲು ನೆರವಾಗಲೆಂದು ಕರಗಿದ ಲೋಹಕ್ಕೆ ಸೇರಿಸುವ ಪುಡಿ) ಪರಿಣಾಮ ಇಳಿಯುತ್ತದೆ, ಕೊನೆಯ ಅಚ್ಚಿನಲ್ಲಿ ಚಿಲ್ ಭಯ ಹೆಚ್ಚು. ಎರಕಕ್ಕೆ ಶಾಖೋಪಚಾರವಿದ್ದರೆ ಬಾರ್ ಕೂಡ ಅದೇ ಕುಲುಮೆಯಲ್ಲಿ ಜೊತೆಗೇ ಇರಲಿ.

ಮಾದರಿ ತೆಗೆಯುವ ಜಾಗ ಮತ್ತು ಅಲ್ಲಿ ಬರಬೇಕಾದ ಕನಿಷ್ಠ ಬಲ, ಇವೆರಡನ್ನೂ ಎರೆಯುವ ಮುನ್ನವೇ ಗ್ರಾಹಕರೊಂದಿಗೆ ಮಾತಾಡಿ ಡ್ರಾಯಿಂಗ್ ಮೇಲೆ ಬರೆಸಿಕೊಳ್ಳಿ. ಬುಡದಲ್ಲಿ 260 ಬರಲೇಬೇಕೆಂದು ಅವರು ಹೇಳಿದರೆ ಬಾರ್‌ನಲ್ಲಿ ಅದಕ್ಕಿಂತ ಮೇಲಿನ ದರ್ಜೆಯನ್ನೇ ಗುರಿಯಾಗಿಟ್ಟುಕೊಳ್ಳಬೇಕಾಗುತ್ತದೆ, ಆಗ 8 ಮಿ.ಮೀ. ಗೋಡೆಯಲ್ಲಿ ಚಿಲ್ ತಪ್ಪಿಸುವುದು ಇನ್ನಷ್ಟು ಕಷ್ಟವಾಗುತ್ತದೆ ಎಂಬುದನ್ನೂ ಅವರಿಗೆ ಆಗಲೇ ತಿಳಿಸಿ. ಬೋಲ್ಟ್ ರಂಧ್ರಗಳು ಮತ್ತು ರೈಸರ್‌ಗಳು ಎಲ್ಲಿವೆ ಎಂದು ಇಲ್ಲಿ ಬರೆದರೆ, ಬುಡದಲ್ಲಿ ಎಲ್ಲಿ ಕೊಯ್ಯಬಹುದೆಂದು ನೋಡಿ ಹೇಳುತ್ತೇನೆ.