ತಂದೆಯ ಬಾಳಿಗೆ ಅರ್ಥವಿತ್ತೇ ಎಂಬ ನಿಮ್ಮ ಪ್ರಶ್ನೆಗೆ

ತಂದೆಯವರು ಐವತ್ತೆಂಟಕ್ಕೇ ತೀರಿಕೊಂಡರೆಂದೂ, ಅವರು ಕಟ್ಟಿ ಬೆಳೆಸಿದ ದಿನಸಿ ಅಂಗಡಿಯನ್ನು ಮೂರೇ ತಿಂಗಳಲ್ಲಿ ಮುಚ್ಚಬೇಕಾಯಿತೆಂದೂ ಬರೆದು, ಕೊನೆಗೆ ಏನೂ ಉಳಿಯದಿದ್ದರೆ ಬದುಕಿದ್ದಕ್ಕೆ ಅರ್ಥವೇನು ಎಂದು ಕೇಳಿದ್ದೀರಿ. ಉಳಿಯುವುದನ್ನೇ ಅಳತೆಗೋಲು ಮಾಡಿಕೊಂಡರೆ ಯಾರ ಬಾಳೂ ಅದಕ್ಕೆ ಸಾಲದು. ಅಳತೆಗೋಲೇ ತಪ್ಪಿರಬಹುದೆಂದು ನನ್ನ ಅನಿಸಿಕೆ.

ನಾನು ತುಮಕೂರಿನವನು. 2019ರ ಜನವರಿ 21ರಂದು ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರು 111ರ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ, ಮಠದ ಮಕ್ಕಳು ಮಧ್ಯಾಹ್ನದ ಪ್ರಸಾದ ಮುಗಿಸುವವರೆಗೆ ಸುದ್ದಿಯನ್ನು ಪ್ರಕಟಿಸಲಿಲ್ಲ. ಅಂದಿನ ಊಟ ಸಂಜೆಯ ಹೊತ್ತಿಗೆ ಅರಗಿಹೋಗಿರುತ್ತದೆ. ಉಳಿಯಲಿಲ್ಲವೆಂದು ಅದನ್ನು ಯಾರೂ ವ್ಯರ್ಥ ಎನ್ನುವುದಿಲ್ಲ.

ಅದು ದೊಡ್ಡವರ ಮಾತಾಯಿತು. ನಮ್ಮ ತಾತ ಎಪ್ಪತ್ತೆರಡನೇ ವಯಸ್ಸಿನಲ್ಲಿ ತೆಂಗಿನ ಸಸಿಗಳನ್ನು ನೆಟ್ಟು, ಮಂಡಿನೋವಿನಲ್ಲೂ ಪ್ರತಿ ಸಂಜೆ ಬಿಂದಿಗೆಯಲ್ಲಿ ನೀರು ಹೊತ್ತು ತಂದು, ಪಾತಿಗೆ ಸುರಿದು, ಅದು ಇಂಗುವವರೆಗೂ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದರು. ತೆಂಗು ಫಲಕ್ಕೆ ಬರಲು ಆರೇಳು ವರ್ಷ ಬೇಕೆಂಬುದು ಅವರಿಗೆ ಗೊತ್ತಿತ್ತು (ತಿಪಟೂರು ಸೀಮೆಯವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ). ಮೂರನೇ ವರ್ಷಕ್ಕೆ ತೀರಿಕೊಂಡರು. ಆಮೇಲೆ ಕೊಳವೆಬಾವಿ ಬತ್ತಿ ಅರ್ಧದಷ್ಟು ಗಿಡಗಳೂ ಒಣಗಿದವು. ಆದರೂ ಆ ಸಂಜೆಗಳು ದಂಡವಾದವೆನ್ನಲು ನನಗೆ ಬಾಯಿ ಬರುವುದಿಲ್ಲ. ಅವರ ಮುಖ ಕಂಡವನು ನಾನು.

ಅಂಗಡಿಯ ಸಾಲದ ಪುಸ್ತಕ ಇನ್ನೂ ಮನೆಯಲ್ಲಿದೆ ಎಂದಿದ್ದೀರಿ. ವಸೂಲಿಯ ಲೆಕ್ಕಕ್ಕಲ್ಲ, ಯಾವ ಯಾವ ಕಷ್ಟದ ತಿಂಗಳಲ್ಲಿ ಯಾರ ಮನೆಯ ಒಲೆ ಉರಿಯಿತು ಎಂಬುದನ್ನು ತಿಳಿಯಲು ಅದನ್ನೊಮ್ಮೆ ನಿಧಾನವಾಗಿ ಓದಿ.