'ಶಿಲುಬೆ ಮತ್ತು ಕತ್ತಿ' ಲೇಖನದ ಬಗ್ಗೆ

ನಮಸ್ಕಾರ,

ಕ್ರೈಸ್ತ ಪಾದ್ರಿಗಳು ಮತ್ತು ಬಿಳಿಯರ ಆಳ್ವಿಕೆಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ನಿಮಗೆ ಬರೆಯಲು ಬರುತ್ತದೆ, ವಿಷಯವೂ ಗಟ್ಟಿಯಾಗಿದೆ. ಅದಕ್ಕೇ ಕಾರಣ ಬಿಡಿಸಿ ಹೇಳುತ್ತಿದ್ದೇನೆ.

'ಬಿಳಿಯರು ಒಂದು ಕೈಯಲ್ಲಿ ಬೈಬಲ್, ಇನ್ನೊಂದು ಕೈಯಲ್ಲಿ ಕೋವಿ ಹಿಡಿದು ಬಂದರು' ಅಂತ ಶುರು ಮಾಡಿದ್ದೀರಿ. ಯಾವ ಬಿಳಿಯರು? ಯಾವ ಕಾಲದಲ್ಲಿ? ಗೋವಾದ ಪೋರ್ಚುಗೀಸರಾದರೆ ಮಾತು ಹೆಚ್ಚುಕಮ್ಮಿ ಸರಿ. ಅಲ್ಲಿ ಚರ್ಚೂ ಸರ್ಕಾರವೂ ಜೊತೆಗೂಡಿದ್ದವು. 1560ರಲ್ಲಿ ಇಂಕ್ವಿಸಿಷನ್, ಅಂದರೆ ಧರ್ಮ ಮೀರಿದವರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯವೇ ಬಂತು. ಅದರ ಕಾಟ ಹೊಸದಾಗಿ ಕ್ರೈಸ್ತರಾದವರಿಗೂ ತಟ್ಟಿತು. ನಮ್ಮ ಕರಾವಳಿಗೆ ಓಡಿ ಬಂದವರಲ್ಲಿ ಹಿಂದೂಗಳೂ ಇದ್ದರು, ಕ್ರೈಸ್ತರೂ ಇದ್ದರು. ನಿಮ್ಮ ಲೇಖನದಲ್ಲಿ ಈ ಎರಡನೆಯವರ ಸುದ್ದಿಯೇ ಇಲ್ಲ.

ಅದೇ ಮಾತನ್ನು ಈಸ್ಟ್ ಇಂಡಿಯಾ ಕಂಪನಿಗೆ ಅಂಟಿಸಿದರೆ ನಿಲ್ಲುವುದಿಲ್ಲ. ಕಂಪನಿಗೆ ಬೇಕಿದ್ದದ್ದು ವ್ಯಾಪಾರ, ಕಂದಾಯ. ಜನರ ನಂಬಿಕೆ ಕೆಣಕಿದರೆ ದಂಗೆ ಆದೀತು ಅನ್ನೋ ಭಯ ಅದಕ್ಕಿತ್ತು. 1793ರಲ್ಲಿ ಬಂಗಾಳಕ್ಕೆ ಬಂದ ಇಂಗ್ಲಿಷ್ ಪಾದ್ರಿ ವಿಲಿಯಂ ಕೇರಿ, 1800ರಲ್ಲಿ ಮಿಷನ್ ಕಟ್ಟಿದ್ದು ಕಂಪನಿಯ ನೆಲದಲ್ಲಲ್ಲ, ಡೆನ್ಮಾರ್ಕಿನವರ ಕೈಲಿದ್ದ ಶ್ರೀರಾಂಪುರದಲ್ಲಿ. ಪಾದ್ರಿಗಳಿಗೆ ಕಂಪನಿಯ ಬಾಗಿಲು ತೆರೆದದ್ದು ಬ್ರಿಟಿಷ್ ಸಂಸತ್ತಿನ 1813ರ ಕಾಯ್ದೆ ಬಂದ ಮೇಲೆ. ಹಾಗಂತ ಪಾದ್ರಿಗೂ ಆಳ್ವಿಕೆಗೂ ಸಂಬಂಧವೇ ಇಲ್ಲ ಅಂತ ಬರೆಯಬೇಡಿ. ಆಮೇಲೆ ಅವರು ಓಡಾಡಿದ್ದು ಕಂಪನಿಯ ರಕ್ಷಣೆಯಲ್ಲೇ.

ನನಗೆ ತುಂಬಾ ಹಿಡಿಸಿದ್ದು ಆ ಹಂಚಿನ ಮಾತು. ಹಳೇ ಮನೆಯ ಮಾಡಿನಿಂದ ಇಳಿಸಿದ ಹಂಚು, ಅದರ ಮೇಲೆ ಬಾಸೆಲ್ ಮಿಷನ್ ಹೆಸರು, 1865 ಅನ್ನೋ ಇಸವಿ. ಅದನ್ನು ನಾಲ್ಕೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಲ್ಲ! ಆ ಮಿಷನ್ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನದು. ಬಂದವರಲ್ಲಿ ಜರ್ಮನರೇ ಜಾಸ್ತಿ. 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದವರನ್ನು ಜಾತಿಯವರು ಹೊರಗಿಟ್ಟರೆ ಮನೆಯೂ ಹೋಗುತ್ತಿತ್ತು, ಕಸುಬೂ ಹೋಗುತ್ತಿತ್ತು. ಅಂಥವರ ಹೊಟ್ಟೆಪಾಡಿಗೆ ಮೊದಲು ನೇಯ್ಗೆ ಬಂತು, ಆಮೇಲೆ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ. ಅದು ನಿಜವಾದ ಆಸರೆ. ಆದರೆ ಕೂಲಿ ಕೊಡುವವರೂ ಧರ್ಮ ಹೇಳುವವರೂ ಒಬ್ಬರೇ ಆದರೆ, ಕೂಲಿಯವನು ಎದುರು ಮಾತಾಡುವುದು ಹೇಗೆ? ನೀವು ಕೋವಿಯಲ್ಲಿ ಹುಡುಕಿದ ಅಧಿಕಾರ ಇಲ್ಲಿ ಕೈಗೆ ಸಿಗುತ್ತದೆ. ಮುಂದೆ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಈ ಜರ್ಮನ್ ಪಾದ್ರಿಗಳನ್ನೇ ಕೂಡಿಹಾಕಿ, ಕಾರ್ಖಾನೆಗಳನ್ನು ಕಿತ್ತುಕೊಂಡಿತು. ಇದನ್ನು ನೀವು ಮುಟ್ಟೇ ಇಲ್ಲ.

ಇನ್ನೊಂದು ಮಾತು. ನಿಮ್ಮ ಬರಹದಲ್ಲಿ ಇಲ್ಲಿನ ಜನ ಬರೀ ಮೋಸ ಹೋದವರು. ಮಂಗಳೂರಿನ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾಗಿ, ಬಾಸೆಲ್ಲಿಗೆ ಹೋಗಿ ಓದಿ, ಪಾದ್ರಿಯಾಗಿ ವಾಪಸಾದರು. ಅವರನ್ನು ಮೋಸ ಹೋದವರ ಪಟ್ಟಿಗೆ ಸುಮ್ನೆ ಸೇರಿಸಲಾಗದು, ಅಲ್ವಾ?

ಕೊನೆಗೆ ಬಾಸೆಲ್ ಪಾದ್ರಿಗಳು ತಂದ 1843ರ ಕನ್ನಡ ಪತ್ರಿಕೆ ಮಂಗಳೂರ ಸಮಾಚಾರ, 1894ರ ಕಿಟೆಲ್ ಕನ್ನಡ-ಇಂಗ್ಲಿಷ್ ನಿಘಂಟು ಎರಡನ್ನೂ ಹೊಗಳಿ, ಹಿಂದಿನ ಬೈಗುಳಕ್ಕೆ ಲೆಕ್ಕ ಸರಿ ಮಾಡಿದ್ದೀರಿ. ಬೇಡ. ಆ ಪಾದ್ರಿಗಳು ಕನ್ನಡ ಕಲಿತದ್ದು ಮತಪ್ರಚಾರಕ್ಕೆ, ನಿಘಂಟು ಮಾತ್ರ ಎಲ್ಲರದ್ದೂ ಆಯಿತು. ಎರಡೂ ನಿಜ, ಎರಡನ್ನೂ ಒಟ್ಟಿಗೇ ಹೇಳಿ.

ಗೋವಾ, ಬಂಗಾಳ ಎರಡನ್ನೂ ತೆಗೆಯಿರಿ. ಹಂಚಿನ ಕಾರ್ಖಾನೆ ಒಂದನ್ನೇ ಇಟ್ಟುಕೊಂಡು ಮತ್ತೆ ಬರೆದು ಕಳಿಸಿ. ಖಂಡಿತ ಓದುತ್ತೇನೆ.

ಸಂಪಾದಕ