ವಿಜಯಪುರದ ಬಿಸಿಲಲ್ಲಿ ಸಾವಯವ ತರಕಾರಿ: ನೆಟ್ ತರುವ ಮೊದಲು ಬೋರಿನ ನೀರು ನೋಡಿ

ಹಿತ್ತಲಲ್ಲಿ ರಾಸಾಯನಿಕ ಇಲ್ಲದೆ ಟೊಮೆಟೊ, ಬೀನ್ಸ್, ಗಜ್ಜರಿ ಬೆಳೆಯಬೇಕು, ಬೋರ್ ನೀರಿದೆ, ಆದರೆ ಏಪ್ರಿಲ್ ಬಂದ ಮೇಲೆ ಎಲೆಗಳ ಅಂಚು ಸುಡುತ್ತಿದೆ, ಈ ಮರುಭೂಮಿಯಂಥ ಬಿಸಿಲಿಗೆ ಎಷ್ಟು ಪರ್ಸೆಂಟ್ ನೆರಳು ಕೊಡೋ ನೆಟ್ ಕಟ್ಟಲಿ ಅಂತ ಕೇಳಿದ್ದೀರಿ. ಎಲೆ ಅಂಚು ಸುಡುವುದನ್ನು ನಾನೂ ಬಿಸಿಲು ಅಂತಲೇ ತಿಳಿದಿದ್ದೆ. ಅದಕ್ಕೆ ಒಂದು ಇಡೀ ಬೇಸಿಗೆ ಹೋಯಿತು.

ನಮ್ಮ ಮನೆ ಇರೋದು ವಿಜಯಪುರದ ಪಕ್ಕದ ತೊರವಿ ಕಡೆ. ಅಪ್ಪಟ ಕರಿಮಣ್ಣು. ಚಳಿಗಾಲದಲ್ಲಿ ಎಲ್ಲ ಚೆನ್ನಾಗಿ ಬಂದಿತ್ತು. ಮಾರ್ಚ್‌ನಲ್ಲಿ ಮೊದಲು ಬೀನ್ಸ್ ಕೆಳಗಿನ ಎಲೆಗಳ ಅಂಚು ಕಂದಾಗಿ, ಮುಟ್ಟಿದರೆ ಪುಡಿಯಾಗೋ ಹಾಗೆ ಒಣಗಿತು. ಬಾಯಾರಿಕೆ ಇರಬೇಕು ಅಂತ ದಿನಾ ಸಂಜೆ ಪೈಪ್ ಹಿಡಿದು ಮೇಲಿಂದ ಚಿಮುಕಿಸಿದೆ. ಮಣ್ಣು ತೇವ ಕಂಡರೆ ಸಮಾಧಾನ. ಇನ್ನೂ ಸುಟ್ಟಿತು. ನೆಟ್ ಮೇಲೆ ಇನ್ನೊಂದು ನೆಟ್ ಕಟ್ಟಿದೆ, ಇದ್ದಬದ್ದ ಹೂವೂ ನಿಂತುಹೋಯಿತು. ಶಕ್ತಿ ಬರಲಿ ಅಂತ ಕೋಳಿ ಗೊಬ್ಬರ ಸುರಿದೆ, ಗಂಜಲ ಹಾಕಿದೆ. ಸಾವಯವ ತಾನೇ, ಜಾಸ್ತಿ ಆದರೆ ಏನಾಗುತ್ತದೆ ಅಂತ!

ಒಂದು ದಿನ ಪಕ್ಕದ ಹೊಲದ ಕಾಕಾ ಬಂದರು. ಮಡಿಯ ಅಂಚಲ್ಲಿ ಬೆಳ್ಳಗೆ ಹಪ್ಪಳದಂತೆ ಎದ್ದಿದ್ದ ಪದರನ್ನು ಉಗುರಲ್ಲಿ ಕೆರೆದು ನಾಲಿಗೆಗೆ ಹಚ್ಚಿಕೊಂಡರು. ಪಕ್ಕಕ್ಕೆ ಉಗುಳಿ, "ತಮ್ಮಾ, ದಿನಾ ಉಪ್ಪ ಹಾಕಿ ಮ್ಯಾಲ ಬಿಸಲಿಗೆ ಬೈತಿಯಲ್ಲೋ" ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರಾದರೂ ಓದಿ. ನಮ್ಮ ಕಡೆ ಎಷ್ಟೋ ಬೋರಿನ ನೀರು ಸವುಳು. ಲೀಟರಿಗೆ ಒಂದು ಗ್ರಾಂ ಉಪ್ಪು ಇದೆ ಅಂತಿಟ್ಟುಕೊಳ್ಳಿ. ದಿನಕ್ಕೆ 100 ಲೀಟರ್ ಹಾಕಿದರೆ ಬೇಸಿಗೆಯ ಮೂರು ತಿಂಗಳಲ್ಲಿ 9 ಕೆಜಿ ಉಪ್ಪು ನಿಮ್ಮ ಹಿತ್ತಲಿಗೆ ಬಿತ್ತು. ನೀರು ಆವಿಯಾಗುತ್ತದೆ, ಉಪ್ಪು ಎಲ್ಲಿಗೂ ಹೋಗೋದಿಲ್ಲ. ಮೇಲೆ ಮೇಲೆ ಚಿಮುಕಿಸಿದ ನೀರು ಎರಡು ಬೆರಳಿನಷ್ಟು ಆಳಕ್ಕೂ ಇಳಿಯೋದಿಲ್ಲ, ಮರುದಿನ ಮಧ್ಯಾಹ್ನಕ್ಕೆ ಆರುತ್ತದೆ. ಕೆಳಗಿನ ತೇವವೂ ಮೇಲೇರುವಾಗ ತನ್ನಲ್ಲಿರೋ ಉಪ್ಪನ್ನು ಹೊತ್ತು ತರುತ್ತದೆ. ಉಪ್ಪು ಹೆಚ್ಚಾದ ಮಣ್ಣಲ್ಲಿ ತೇವ ಇದ್ದರೂ ಬೇರಿಗೆ ನೀರು ಹೀರೋಕಾಗೋದಿಲ್ಲ. ಗಿಡ ಬಾಡುತ್ತದೆ, ನಾವು ಮತ್ತೆ ಅದೇ ನೀರು ಹಾಕುತ್ತೇವೆ. ಸಾಲದ್ದಕ್ಕೆ ಎಲೆ ಮೇಲೆ ಬಿದ್ದ ಹನಿಯ ಉಪ್ಪೂ ಸೇರುತ್ತದೆ. ಇದಕ್ಕೆ ಕೋಳಿ ಗೊಬ್ಬರ, ಗಂಜಲ ಸೇರಿಸಿದ್ದೆ ನಾನು. ಅವುಗಳಲ್ಲೂ ಉಪ್ಪು ಕಡಿಮೆ ಇರೋದಿಲ್ಲ.

ವ್ಯತ್ಯಾಸ ಗುರುತಿಸೋದು ಸುಲಭ. ಬಿಸಿಲಿನ ಪೆಟ್ಟಾದರೆ ಬಿಸಿಲು ನೇರ ಬೀಳೋ ಮೇಲಿನ ಎಲೆ, ಕಾಯಿಗಳ ಮೇಲೆ ಬಿಳಚಿದ ಮಚ್ಚೆ ಬರುತ್ತದೆ. ಉಪ್ಪಾದರೆ ಸಾಮಾನ್ಯವಾಗಿ ಕೆಳಗಿನ ಹಳೇ ಎಲೆಗಳ ತುದಿ, ಅಂಚಿಂದ ಶುರು. ಹಿಟ್ನಳ್ಳಿಯ ಕೃಷಿ ಕಾಲೇಜಲ್ಲಿ ವಿಚಾರಿಸಿ, ನೀರು-ಮಣ್ಣು ಎರಡನ್ನೂ ಪರೀಕ್ಷೆ ಮಾಡಿಸಿ. ಯಾರೋ ಹೇಳಿದರು ಅಂತ ಸುಮ್ನೆ ಜಿಪ್ಸಂ ಸುರಿಯಬೇಡಿ. ಅದು ಸೋಡಿಯಂ ಹೆಚ್ಚಿರೋ ಮಣ್ಣಿಗೆ ಮಾತ್ರ ಕೆಲಸ ಮಾಡುತ್ತದೆ. ಮನೆಯ ಆರ್‌ಒ ಮಷಿನ್ ಹೊರಗೆ ಬಿಡೋ ನೀರನ್ನಂತೂ ಗಿಡಕ್ಕೆ ತೋರಿಸಲೂ ಬೇಡಿ, ಬೋರಿನ ಉಪ್ಪೆಲ್ಲ ಅದರಲ್ಲೇ ಕೂತಿರುತ್ತದೆ.

ನನ್ನ ಹಿತ್ತಲನ್ನು ಉಳಿಸಿದ್ದು ಮಳೆ. ಮಿರಗದ (ಮೃಗಶಿರಾ) ಮಳೆಗೆ ಮೊದಲು ಬಿಳಿ ಪದರು ಕೆರೆದು ಹೊರಗೆ ಹಾಕಿದೆ, ಮಡಿ ಎತ್ತರಿಸಿ ಹಳೇ ಸಗಣಿ ಗೊಬ್ಬರ ಸೇರಿಸಿದೆ, ನೀರು ಹರಿದುಹೋಗೋಕೆ ಕಾಲುವೆ ಬಿಟ್ಟೆ. ಕರಿಮಣ್ಣಲ್ಲಿ ನೀರು ಬೇಗ ಇಳಿಯೋದಿಲ್ಲ, ದಾರಿ ಮಾಡಿಕೊಡದಿದ್ದರೆ ಉಪ್ಪು ಅಲ್ಲೇ ಇರುತ್ತದೆ. ಆಮೇಲೆ ಮಾಳಿಗೆಯ ಮಳೆನೀರನ್ನು ಟ್ಯಾಂಕಿಗೆ ಬಿಟ್ಟೆ. ಸಾವಿರ ಚದರಡಿ ಮಾಳಿಗೆ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 900 ಲೀಟರ್ ಲೆಕ್ಕ. ಸಸಿ ಎಬ್ಬಿಸೋದೆಲ್ಲ ಈಗ ಆ ನೀರಲ್ಲೇ. ಬೋರ್ ನೀರು ಹಾಕೋದೇ ಆದರೆ ದಿನಾ ಅಲ್ಲ, ಬಿಟ್ಟು ಬಿಟ್ಟು, ಆಳಕ್ಕೆ ಇಳಿಯೋ ಹಾಗೆ, ಬೆಳಗ್ಗೆ, ಬುಡಕ್ಕೆ. ಮೇಲೆ ಕಬ್ಬಿನ ರವದಿ (ಒಣ ಎಲೆ) ದಪ್ಪಗೆ ಹಾಸಿರುತ್ತೇನೆ. ತೊಗರಿ ಹೊಟ್ಟಾದರೂ ನಡೆಯುತ್ತದೆ. ಮಣ್ಣು ಬರಿ ಮೈಯಲ್ಲಿದ್ದರೆ ಬಿರುಕು ಬಿಟ್ಟು, ಹಾಕಿದ ನೀರೆಲ್ಲ ಅದರಲ್ಲಿ ಇಳಿದುಹೋಗುತ್ತದೆ.

ಇನ್ನು ಮರುಭೂಮಿ ಅಂದಿರಲ್ಲ, ಅದನ್ನು ನಾನು ಒಪ್ಪೋದಿಲ್ಲ. ಜೈಸಲ್ಮೇರಿನಲ್ಲಿ ವರ್ಷಕ್ಕೆ ಸುಮಾರು 200 ಮಿ.ಮೀ. ಮಳೆ ಅಷ್ಟೇ. ನಮಗೆ ಸುಮಾರು 600 ಬೀಳುತ್ತದೆ. ನಾವದನ್ನು ಹರಿಯೋಕೆ ಬಿಟ್ಟು ಬೋರ್ ಕೊರೆಸುತ್ತೇವೆ. ಆದಿಲ್‌ಶಾಹಿಯವರು ತೊರವಿಯಿಂದ ನೆಲದೊಳಗೆ ಸುರಂಗ ತೋಡಿ ಊರಿಗೆ ನೀರು ತಂದಿದ್ದರು. ನಮ್ಮಿಂದ ಮಾಳಿಗೆಗೆ ಒಂದು ಪೈಪ್ ಹಾಕೋಕಾಗೋದಿಲ್ವಾ?

ಮೇ ತಿಂಗಳ ಟೊಮೆಟೊ ಆಸೆ ಬಿಡಿ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇದ್ದರೆ ಹೂ ಉದುರುತ್ತದೆ, ಯಾವ ಗೊಬ್ಬರವೂ ಅದನ್ನು ಕಟ್ಟಿಹಾಕೋದಿಲ್ಲ. ಬೀನ್ಸ್, ಗಜ್ಜರಿ, ಉಳ್ಳಾಗಡ್ಡಿ ಉಪ್ಪಿಗೆ ಮೊದಲು ಸೋಲುವ ಬೆಳೆಗಳು. ನೀವು ಹುಡುಕಿ ಹುಡುಕಿ ಅವುಗಳಲ್ಲೇ ಎರಡನ್ನು ಆರಿಸಿದ್ದೀರಿ! ಟೊಮೆಟೊ, ಗಜ್ಜರಿಯನ್ನು ದಸರಾ ಮುಗಿದ ಮೇಲೆ ಹಾಕಿ, ಎಳ್ಳಮಾಸಿ ಆಚೀಚೆ ಬುಟ್ಟಿ ತುಂಬುತ್ತದೆ. ಬೇಸಿಗೆಗೆ ಚವಳಿಕಾಯಿ (ಗೋರಿಕಾಯಿ), ಅಲಸಂದಿ, ಪುಂಡಿಪಲ್ಯ ಸಾಕು. ಚವಳಿಕಾಯಿ ಸವುಳು ನೀರಿಗೂ ಜಗ್ಗೋದಿಲ್ಲ.

ನೆಟ್ ಅಂತ ಕೇಳಿದ್ರಿ ಅಲ್ವಾ, 50 ಪರ್ಸೆಂಟ್‌ದು ಸಾಕು, 75 ಬೇಡ. ಅದೂ ಸಸಿಗಳ ಮೇಲೆ, ಮತ್ತೆ ಪಡುವಣ ದಿಕ್ಕಿಗೆ ಒಂದು ಪರದೆ. ನೆಲದಿಂದ ಆಳೆತ್ತರಕ್ಕಿಂತ ಮೇಲೆ ಕಟ್ಟಿ, ಗಾಳಿ ಆಡಬೇಕು.